ಕುಂಡದ ಮಿಶ್ರಣಕ್ಕೆ ಯಾವ ಹಗುರ ಕಲ್ಲು? ಪರ್ಲೈಟ್, ವರ್ಮಿಕ್ಯುಲೈಟ್, ಪ್ಯೂಮಿಸ್, ಲೆಕಾ, ಹೆಂಚಿನ ಚೂರು

ಪಾಲಿಹೌಸ್‌ನಲ್ಲೋ ನೆರಳುಮನೆಯಲ್ಲೋ ಕುಂಡದ ಗಿಡ ಸೊರಗಿದರೆ ಮೊದಲು ನೀರಿನ ಮೇಲೆ ಅನುಮಾನ ಬರುತ್ತದೆ. ಆಮೇಲೆ ಗೊಬ್ಬರದ ಮೇಲೆ, ಕೊನೆಗೆ ಸಸಿ ಕೊಟ್ಟ ನರ್ಸರಿಯ ಮೇಲೆ. ಬೇರಿಗೆ ಗಾಳಿ ಸಿಗುತ್ತಿತ್ತಾ ಅಂತ ಕೇಳುವವರು ಕಡಿಮೆ. ಬೇರೂ ಉಸಿರಾಡುತ್ತದೆ. ಹೊಲದಲ್ಲಿ ಎರೆಹುಳುವಿನ ಬಿಲ, ಹಳೆಯ ಬೇರು ಕೊಳೆತು ಉಳಿದ ಸಂದು, ಕೆಳಗಿನ ಆಳದ ಮಣ್ಣು, ಇವೆಲ್ಲ ಸೇರಿ ನೀರನ್ನು ಕೆಳಕ್ಕೆ ಎಳೆದು ಗಾಳಿಗೆ ಜಾಗ ಬಿಡುತ್ತವೆ. 15 ಸೆಂ.ಮೀ. ಎತ್ತರದ ಕುಂಡದಲ್ಲಿ ಇದ್ಯಾವುದೂ ಇಲ್ಲ. ಆ ಜಾಗವನ್ನು ನಾವೇ ಮಾಡಿಕೊಡಬೇಕು. ಅದಕ್ಕಾಗಿಯೇ ಮಿಶ್ರಣಕ್ಕೆ ಹಗುರವಾದ ಖನಿಜದ ಕಾಳು ಸೇರಿಸುವುದು.

ಅಂಗಡಿಗೆ ಹೋದರೆ ಬಿಳಿ ಕಾಳು (ಪರ್ಲೈಟ್), ಹೊಂಬಣ್ಣದ ಪದರದ ಚೂರು (ವರ್ಮಿಕ್ಯುಲೈಟ್), ಬೂದು ಕಲ್ಲು (ಪ್ಯೂಮಿಸ್), ಕಂದು ಗುಂಡು (ಲೆಕಾ), ಎಲ್ಲವೂ ಇರುತ್ತವೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಅಂಗಡಿಯವರು ಬೆಲೆ ಜಾಸ್ತಿ ಇರುವುದನ್ನು ತೋರಿಸುವುದು ಸಹಜ. ನನ್ನ ಉತ್ತರ ಬೇರೆ. ಮೊದಲು ಕಾಳಿನ ಗಾತ್ರ ನೋಡಿ, ಆಮೇಲೆ ಹೆಸರು ಕೇಳಿ. ಗಾಳಿಯ ಮಟ್ಟಿಗೆ ಹೇಳುವುದಾದರೆ, ಜರಡಿ ಹಿಡಿದ ಹೆಂಚಿನ ಚೂರು ದೂಳು ತುಂಬಿದ ಪರ್ಲೈಟ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಗಾತ್ರ ಯಾಕೆ ಮೊದಲು

ನೀರು ಸಣ್ಣ ಸಂದುಗಳಲ್ಲಿ ಅಂಟಿಕೊಂಡು ನಿಲ್ಲುತ್ತದೆ, ದೊಡ್ಡ ಸಂದುಗಳಿಂದ ಬಸಿದು ಹೋಗುತ್ತದೆ. ಬಸಿದ ಜಾಗಕ್ಕೆ ಗಾಳಿ ಬರುತ್ತದೆ. ಒಂದು ಮಿಲಿಮೀಟರ್‌ಗಿಂತ ಸಣ್ಣ ಕಾಳು ಯಾವ ಖನಿಜದ್ದೇ ಆಗಲಿ, ಅದು ನೀರು ಹಿಡಿಯುವ ಕಡೆಗೇ ಸೇರುತ್ತದೆ. ಗಾಳಿ ಬೇಕಿದ್ದರೆ 3ರಿಂದ 6 ಮಿ.ಮೀ. ಗಾತ್ರದ ಕಾಳು ಬೇಕು. ಅದರ ಜೊತೆ ದೂಳು ಇರಬಾರದು, ಯಾಕೆಂದರೆ ಆ ದೂಳೇ ಹೋಗಿ ಸಂದು ಮುಚ್ಚುತ್ತದೆ.

ಇನ್ನೊಂದು ವಿಷಯ, ಎಷ್ಟು ಹಾಕುತ್ತೀರಿ ಅನ್ನುವುದು. ಒಂದು ಕುಂಡದ ಕೆಮ್ಮಣ್ಣಿಗೆ ಎರಡು ಹಿಡಿ ಪರ್ಲೈಟ್ ಹಾಕಿದರೆ ಏನೂ ಆಗುವುದಿಲ್ಲ. ಒಂದೊಂದು ಕಾಳಿನ ಸುತ್ತಲೂ ಮಣ್ಣು ಮೆತ್ತಿಕೊಳ್ಳುತ್ತದೆ ಅಷ್ಟೆ. ಕಾಳಿಗೆ ಕಾಳು ತಾಗಿ ನಡುವೆ ಸಂದು ಉಳಿಯುವಷ್ಟು ಹಾಕಿದಾಗ ಮಾತ್ರ ಗಾಳಿ ಹೆಚ್ಚುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣದಲ್ಲಿ ಅದು ಸುಮಾರು ಕಾಲು ಭಾಗದಿಂದ ಶುರುವಾಗುತ್ತದೆ. ಜಿಗುಟು ಮಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕಾಗಬಹುದು. ಅಷ್ಟು ಹಾಕುವುದಾದರೆ ಆ ಮಣ್ಣನ್ನೇ ಬಿಟ್ಟುಬಿಡುವುದು ಲೇಸು.

ಒಂದು ಬಕೆಟ್ ಕೋಕೋಪೀಟ್, ಒಂದು ಬಕೆಟ್ ಪರ್ಲೈಟ್ ಕಲಸಿ ನೋಡಿ. ಎರಡು ಬಕೆಟ್ ಆಗುವುದಿಲ್ಲ, ಸ್ವಲ್ಪ ಕಡಿಮೆ ಬರುತ್ತದೆ. ಸಣ್ಣ ಪುಡಿ ದೊಡ್ಡ ಕಾಳಿನ ಸಂದಿಗೆ ಇಳಿದಿರುತ್ತದೆ. ಕಡಿಮೆ ಆದಷ್ಟೂ ಗಾಳಿಯ ಜಾಗ ಹೋಯಿತು ಅಂತ ತಿಳಿಯಿರಿ. ಇದು ಕೊಂಡು ತಂದ ಮಾಲಿನಲ್ಲಿ ದೂಳು ಎಷ್ಟಿದೆ ಅಂತ ಗೊತ್ತಾಗುವುದಕ್ಕೂ ಒಳ್ಳೆಯ ದಾರಿ.

ಕುಂಡದ ಎತ್ತರ ಮತ್ತು ತಳದ ಜಲ್ಲಿ

ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡವಾಗಿ ಹಿಡಿಯಿರಿ. ನೀರು ಸುರಿದು ನಿಂತ ಮೇಲೆ ಅದನ್ನೇ ನೆಟ್ಟಗೆ ಎತ್ತಿ ಹಿಡಿಯಿರಿ. ಮತ್ತೆ ಒಂದಷ್ಟು ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದಲ್ಲೂ ಹೀಗೆಯೇ. ತಳದಲ್ಲಿ ಒಂದು ಮಟ್ಟದವರೆಗೆ ನೀರು ನಿಂತೇ ಇರುತ್ತದೆ, ಅದು ತೂತಿನಿಂದ ಹೊರಗೆ ಬರುವುದಿಲ್ಲ. ಗಿಡ್ಡ ಕುಂಡದಲ್ಲಿ ಆ ಒದ್ದೆ ಭಾಗವೇ ಅರ್ಧ ಆಗಿಬಿಡುತ್ತದೆ. 4-5 ಸೆಂ.ಮೀ. ಆಳದ ಪ್ರೋಟ್ರೇ (ಸಸಿ ಬೆಳೆಸುವ ಗುಂಡಿಗಳ ತಟ್ಟೆ) ಗುಂಡಿಯಲ್ಲಿ ಇನ್ನೂ ಜಾಸ್ತಿ.

ಆದ್ದರಿಂದ ತಳಕ್ಕೆ ಒಂದು ಪದರ ಜಲ್ಲಿ ಅಥವಾ ಲೆಕಾ ಹಾಕುವ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಲಿನ ಸಣ್ಣ ಸಂದಿನ ಮಿಶ್ರಣ ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ದೊಡ್ಡ ಸಂದಿಗೆ ಇಳಿಯುವುದಿಲ್ಲ. ಒದ್ದೆ ಮಟ್ಟ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೇ ಏರುತ್ತದೆ. ಅದೇ ಲೆಕಾವನ್ನು ಮಿಶ್ರಣದ ಜೊತೆ ಕಲಸಿದರೆ ಉಪಯೋಗ. ತೂತಿನಿಂದ ಮಣ್ಣು ಸುರಿಯದ ಹಾಗೆ ಒಂದು ಹೆಂಚಿನ ತುಂಡೋ ಶೇಡ್‌ನೆಟ್ ಬಟ್ಟೆಯ ಚೂರೋ ಇಟ್ಟರೆ ಸಾಕು.

ಗಾಳಿಯನ್ನು ಮನೆಯಲ್ಲೇ ಅಳೆಯುವುದು

ಇದಕ್ಕೆ ಯಂತ್ರ ಬೇಡ. ನೀವು ಗಿಡ ಹಾಕುವ ಅದೇ ಕುಂಡ ತಗೊಳ್ಳಿ. ತೂತುಗಳಿಗೆ ಹೊರಗಿನಿಂದ ಟೇಪ್ ಅಂಟಿಸಿ. ಮಿಶ್ರಣ ತುಂಬುವ ಮಟ್ಟಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಅಳತೆ ಜಗ್ಗಿನಿಂದ ನೀರು ಸುರಿಯಿರಿ. ಉದಾಹರಣೆಗೆ 2000 ಮಿ.ಲೀ. ಹಿಡಿಯಿತು ಅನ್ನೋಣ. ನೀರು ಚೆಲ್ಲಿ, ಹದವಾಗಿ ಒದ್ದೆ ಮಾಡಿದ ಮಿಶ್ರಣವನ್ನು ಗುರುತಿನವರೆಗೆ ತುಂಬಿ, ಕುಂಡವನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ. ಕೆಳಗಿಳಿದರೆ ಮತ್ತೆ ತುಂಬಿ. ಈಗ ನಿಧಾನವಾಗಿ ನೀರು ಹಾಕುತ್ತಾ ಹೋಗಿ, ಮೇಲೆ ನೀರು ಹೊಳೆಯುವವರೆಗೆ. ಸ್ವಲ್ಪ ಹೊತ್ತು ಬಿಟ್ಟು, ಕುಡಿದಷ್ಟು ಮತ್ತೆ ಹಾಕಿ. ಆಮೇಲೆ ಬೋಗುಣಿಯ ಮೇಲೆ ಎತ್ತಿ ಇಟ್ಟು ಟೇಪ್ ಕಿತ್ತು, ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಿ. ಬೋಗುಣಿಯಲ್ಲಿ 300 ಮಿ.ಲೀ. ಸಿಕ್ಕಿದರೆ, 300ನ್ನು 2000ದಿಂದ ಭಾಗಿಸಿ. ಶೇ 15 ಗಾಳಿ.

ಎಲೆಗಿಡ, ಹೂಗಿಡಗಳಿಗೆ ಶೇ 15ರಿಂದ 20 ಇದ್ದರೆ ನೆಮ್ಮದಿ. ಶೇ 10ಕ್ಕಿಂತ ಕೆಳಗೆ ಹೋದರೆ ಮಳೆಗಾಲದಲ್ಲಿ ಬೇರು ಕೊಳೆಯುವ ಭಯ ಇದ್ದೇ ಇರುತ್ತದೆ. ಆಂಥೂರಿಯಂ, ಆರ್ಕಿಡ್‌ನಂಥ ಗಿಡಗಳಿಗೆ ಶೇ 25ಕ್ಕಿಂತ ಮೇಲೆ ಬೇಕು. ಒಂದೇ ಮಿಶ್ರಣ ಎತ್ತರದ ಕುಂಡದಲ್ಲಿ ಒಂದು ಅಂಕಿ ಕೊಡುತ್ತದೆ, ಗಿಡ್ಡ ಕುಂಡದಲ್ಲಿ ಇನ್ನೊಂದು. ಅದಕ್ಕೇ ಬೇರೆ ಡಬ್ಬಿಯಲ್ಲಿ ಅಳೆಯಬೇಡಿ ಅನ್ನುವುದು. ದುಡ್ಡು ಕೊಟ್ಟು ಇಪ್ಪತ್ತು ಚೀಲ ತರುವ ಮೊದಲು ಒಂದು ಕೆಜಿ ತಂದು ಹೀಗೆ ಅಳೆದರೆ, ಯಾವುದು ಕೊಳ್ಳಬೇಕು ಅನ್ನುವ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಪರ್ಲೈಟ್

ಜ್ವಾಲಾಮುಖಿಯಿಂದ ಬಂದ ಗಾಜಿನಂಥ ಕಲ್ಲು ಇದು. ಒಳಗೆ ಶೇ 2ರಿಂದ 5ರಷ್ಟು ನೀರು ಸಿಕ್ಕಿಕೊಂಡಿರುತ್ತದೆ. ಪುಡಿ ಮಾಡಿ ಸುಮಾರು 850-900 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ ಕಲ್ಲು ಮೆತ್ತಗಾಗುತ್ತದೆ, ಒಳಗಿನ ನೀರು ಆವಿಯಾಗುತ್ತದೆ, ಕಾಳು ಜೋಳದ ಅರಳಿನ ಹಾಗೆ ಉಬ್ಬಿ ಬೆಳ್ಳಗಾಗುತ್ತದೆ. ಗ್ರೀಸ್, ಟರ್ಕಿ, ಚೀನಾ, ಅಮೆರಿಕಗಳಲ್ಲಿ ದೊಡ್ಡ ಗಣಿಗಳಿವೆ.

ಲೀಟರಿಗೆ ಸುಮಾರು 100 ಗ್ರಾಂ ತೂಕ. ಪಿಎಚ್ (ಹುಳಿ-ಕ್ಷಾರದ ಅಳತೆ) ತಟಸ್ಥ, 7ರ ಆಸುಪಾಸು. ಕೊಳೆಯುವುದಿಲ್ಲ. ಗೊಬ್ಬರದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಗುಣ ಇಲ್ಲವೇ ಇಲ್ಲ ಅನ್ನಬಹುದು. ಆದ್ದರಿಂದ ಪರ್ಲೈಟ್ ಜಾಸ್ತಿ ಇರುವ ಕುಂಡಕ್ಕೆ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ, ಪದೇ ಪದೇ ಕೊಡಬೇಕು. ಡ್ರಿಪ್‌ನಲ್ಲಿ ದಿನಕ್ಕೆ ಹಲವು ಸಲ ನೀರು-ಗೊಬ್ಬರ ಹೋಗುವ ಪಾಲಿಹೌಸ್‌ಗೆ ಇದು ಹೇಳಿ ಮಾಡಿಸಿದ್ದು. ಸ್ಪೇನಿನ ಅಲ್ಮೇರಿಯಾದ ಹಸಿರುಮನೆಗಳಲ್ಲಿ ತರಕಾರಿಯನ್ನು ಬರೀ ಪರ್ಲೈಟ್ ತುಂಬಿದ ಚೀಲದಲ್ಲೇ ಬೆಳೆಯುವುದುಂಟು.

ತೊಂದರೆಗಳೂ ಇವೆ. ಒಣ ಚೀಲ ಬಿಚ್ಚಿದರೆ ದೂಳು ಎದ್ದು ಮೂಗು ಗಂಟಲಿಗೆ ಹೋಗುತ್ತದೆ. ಚೀಲದೊಳಗೇ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಸುರಿಯಿರಿ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಕಾಳು ಮೇಲಕ್ಕೆ ತೇಲಿ ಬರುತ್ತದೆ, ಬೆಳಕಿಗೆ ಪಾಚಿ ಹಿಡಿದು ಹಸಿರಾಗುತ್ತದೆ. ಕೈಯಲ್ಲಿ ಒತ್ತಿದರೆ ಪುಡಿಯಾಗುವುದರಿಂದ ಮಿಶ್ರಣವನ್ನು ತುಳಿದು ಕಲಸಬಾರದು, ಸಲಿಕೆಯಲ್ಲಿ ಮೆಲ್ಲಗೆ ಮಗುಚಬೇಕು.

ಡ್ರಸೀನಾ, ಕಾರ್ಡಿಲೈನ್, ಸ್ಪೈಡರ್ ಪ್ಲಾಂಟ್‌ಗಳ ಎಲೆ ತುದಿ ಸುಟ್ಟರೆ ಪರ್ಲೈಟ್‌ನ ಫ್ಲೋರೈಡ್ ಕಾರಣ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಈ ಗಿಡಗಳಿಗೆ ಫ್ಲೋರೈಡ್ ಆಗುವುದಿಲ್ಲ, ಅದು ನಿಜ. ಆದರೆ ಪರ್ಲೈಟ್‌ನಿಂದ ಬಿಡುವುದು ತೀರಾ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಇದೆ, ದಿನಾ ಕುಂಡಕ್ಕೆ ಹೋಗುವುದು ಅದು. ಅಲ್ಲಿ ಕಲ್ಲು ಬದಲಾಯಿಸುವುದಕ್ಕಿಂತ ಮಳೆನೀರು ಹಿಡಿದು ಹಾಕುವುದು, ಮಿಶ್ರಣದ ಪಿಎಚ್ 6ರಿಂದ 6.5ರ ನಡುವೆ ಇಡುವುದು ಪ್ರಯೋಜನ.

ವರ್ಮಿಕ್ಯುಲೈಟ್

ಕಾಗೆಬಂಗಾರದ ಜಾತಿಯ ಖನಿಜ. ಶಾಖ ಕೊಟ್ಟಾಗ ಪದರಗಳು ಬಿಟ್ಟುಕೊಂಡು ಉದ್ದಕ್ಕೆ ಹಿಗ್ಗುತ್ತವೆ. ನಮ್ಮ ದೇಶದ ನಿಕ್ಷೇಪದ ದೊಡ್ಡ ಪಾಲು ತಮಿಳುನಾಡಿನಲ್ಲಿದೆ. ತಿರುಪತ್ತೂರಿನ ಹತ್ತಿರದ ಸೇವತ್ತೂರಿನಲ್ಲಿ ಗಣಿ ಇದೆ, ಬೆಂಗಳೂರಿಗೆ ದೂರವೇನಲ್ಲ.

ತೂಕದಲ್ಲಿ ಪರ್ಲೈಟ್‌ನ ಹತ್ತಿರವೇ ಇದ್ದರೂ ಸ್ವಭಾವ ಉಲ್ಟಾ. ಪದರಗಳ ನಡುವೆ ನೀರು ಹಿಡಿಯುತ್ತದೆ. ಅಮೋನಿಯಂ, ಪೊಟ್ಯಾಷ್, ಮೆಗ್ನೀಷಿಯಂನಂಥ ಪೋಷಕಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಬೇಕಾದಾಗ ಬಿಡುತ್ತದೆ. ತನ್ನದೇ ಆದ ಒಂದಿಷ್ಟು ಪೊಟ್ಯಾಷ್, ಮೆಗ್ನೀಷಿಯಂ ಕೂಡ ಕೊಡುತ್ತದೆ. ಎಳೆ ಸಸಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಕಾಣೆ. ಬೀಜ ಬಿತ್ತಿದ ಮೇಲೆ ತೆಳುವಾಗಿ ಇದನ್ನೇ ಉದುರಿಸಿ ಮುಚ್ಚಿದರೆ ಮೇಲ್ಮೈ ಗಟ್ಟಿಯಾಗುವುದಿಲ್ಲ, ಮೊಳಕೆ ಸಲೀಸಾಗಿ ಮೇಲೆ ಬರುತ್ತದೆ.

ಕೊರತೆ ಏನೆಂದರೆ ಬಾಳಿಕೆ ಕಡಿಮೆ. ಒದ್ದೆಯಾಗಿದ್ದಾಗ ಒತ್ತಿದರೆ ಪದರಗಳು ಚಪ್ಪಟೆಯಾಗಿ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಒಂದು ಬೆಳೆ ಮುಗಿಯುವಷ್ಟರಲ್ಲಿ ಕುಂಡದ ತಳದಲ್ಲಿ ಅಂಟಂಟಾಗಿರುತ್ತದೆ. ಎರಡು ಮೂರು ವರ್ಷ ಒಂದೇ ಕುಂಡದಲ್ಲಿ ಇರಬೇಕಾದ ಗಿಡಕ್ಕೆ ಬೇಡ.

ಕಲ್ನಾರಿನ (ಆಸ್ಬೆಸ್ಟಾಸ್) ಭಯ ಕೆಲವರಿಗಿದೆ. ಅದಕ್ಕೆ ಕಾರಣ ಅಮೆರಿಕದ ಮೊಂಟಾನಾ ರಾಜ್ಯದ ಲಿಬ್ಬಿ ಊರಿನ ಗಣಿ. ಅಲ್ಲಿನ ವರ್ಮಿಕ್ಯುಲೈಟ್ ಜೊತೆ ಕಲ್ನಾರಿನ ಎಳೆ ಬೆರೆತಿತ್ತು, ಊರಿನ ಎಷ್ಟೋ ಜನ ಅದರಿಂದ ಸತ್ತರು. ಆ ಗಣಿ 1990ರಲ್ಲಿ ಮುಚ್ಚಿತು. ಅದು ಆ ಗಣಿಯ ಕಲ್ಲಿನ ದೋಷ, ಎಲ್ಲ ವರ್ಮಿಕ್ಯುಲೈಟ್‌ನದ್ದಲ್ಲ. ಆದರೂ ಎಲ್ಲಿಂದ ಬಂದದ್ದು ಅಂತ ಕೇಳಿ ಕೊಳ್ಳಿ, ದೂಳು ಏಳದಂತೆ ಒದ್ದೆ ಮಾಡಿಯೇ ಬಳಸಿ.

ಪರ್ಲೈಟೋ ವರ್ಮಿಕ್ಯುಲೈಟೋ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೂಡ್ಲಿ ಮತ್ತು ಶೆಲ್ಡ್ರೇಕ್ ಮಣ್ಣಿಲ್ಲದ ಪೀಟ್-ಲೈಟ್ ಮಿಶ್ರಣಗಳನ್ನು ಬಳಕೆಗೆ ತಂದರು. ಒಂದರಲ್ಲಿ ಅರ್ಧ ಪೀಟ್ (ಜೌಗು ನೆಲದಲ್ಲಿ ಅರೆ ಕೊಳೆತ ಪಾಚಿ), ಅರ್ಧ ವರ್ಮಿಕ್ಯುಲೈಟ್. ಇನ್ನೊಂದರಲ್ಲಿ ಅರ್ಧ ಪೀಟ್, ಅರ್ಧ ಪರ್ಲೈಟ್. ಹಸಿರುಮನೆಯ ಕುಂಡಗಳಿಂದ ಮಣ್ಣು ಹೊರಗೆ ಹೋಗಿದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಇವತ್ತಿಗೂ ಎಷ್ಟೋ ಕಡೆ ಅದೇ ಅಳತೆಯನ್ನು ಹಾಗೇ ಹೇಳುತ್ತಾರೆ.

ನಮ್ಮಲ್ಲಿ ಪೀಟ್ ಇಲ್ಲ, ತೆಂಗಿನ ನಾರಿನ ಪುಡಿ ಇದೆ. ಕೋಕೋಪೀಟ್ ತಾನೇ ಸಾಕಷ್ಟು ನೀರು ಹಿಡಿಯುತ್ತದೆ, ಅದರಲ್ಲೂ ಸಣ್ಣ ಪುಡಿಯಾಗಿದ್ದರೆ. ಅದಕ್ಕೆ ಅರ್ಧ ವರ್ಮಿಕ್ಯುಲೈಟ್ ಸೇರಿಸಿದರೆ ನೀರಿನ ಮೇಲೆ ನೀರು ಹಿಡಿಸಿದ ಹಾಗಾಯಿತು. ಒಳಗೆ ತೇವ ತುಂಬಿದ ಪಾಲಿಹೌಸ್‌ನಲ್ಲಿ, ಜೂನ್-ಜುಲೈನ ಮೋಡದ ದಿನಗಳಲ್ಲಿ ಆ ಕುಂಡ ವಾರವಾದರೂ ಆರುವುದಿಲ್ಲ. ಹಾಗಾಗಿ ಕೋಕೋಪೀಟ್ ಜೊತೆಗೆ ಕುಂಡದಲ್ಲಿ ಪರ್ಲೈಟ್, ಸಸಿ ಮಡಿಯಲ್ಲಿ ಮಾತ್ರ ವರ್ಮಿಕ್ಯುಲೈಟ್. ಇದು ನಾನು ಹೊಸಬರಿಗೆ ಹೇಳುವ ಮೊದಲ ನಿಯಮ. ಬಿಸಿಲು ನಾಡಾದ ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯಲ್ಲಿ ಕೈಯಿಂದ ನೀರು ಹಾಕುವವರು ಇದಕ್ಕೆ ಹೊರತು. ಅವರು ಪರ್ಲೈಟ್‌ನಲ್ಲಿ ಅರ್ಧ ತೆಗೆದು ವರ್ಮಿಕ್ಯುಲೈಟ್ ಹಾಕಿಕೊಳ್ಳಬಹುದು.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಕೋಕೋಪೀಟ್‌ನಲ್ಲಿ ಉಪ್ಪು ಉಳಿದಿದ್ದರೆ ಯಾವ ಕಲ್ಲೂ ಗಿಡ ಉಳಿಸುವುದಿಲ್ಲ. ಕೋಕೋಪೀಟ್ ಇಟ್ಟಿಗೆ ನೆನೆಸಿ, ಎರಡು ಮೂರು ನೀರಿನಲ್ಲಿ ತೊಳೆದು, ಹಿಂಡಿ, ಆಮೇಲೆ ಅಳತೆ ಶುರು ಮಾಡಿ. ನೀರಿನ ಉಪ್ಪು ಅಳೆಯುವ ಇಸಿ ಮೀಟರ್ ಇದ್ದರೆ ಹಿಂಡಿದ ನೀರನ್ನು ನೋಡಿ. ಸಸಿ ಬೆಳೆಸುವವರಿಗಾಗಿಯೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಅಂತ ಹುದುಗಿಸಿದ ನಾರಿನ ಪುಡಿಯನ್ನು ರೂಪಿಸಿದ್ದಾರೆ, ಅದನ್ನೂ ವಿಚಾರಿಸಿ.

ಪ್ಯೂಮಿಸ್ ಮತ್ತು ಲಾವಾ ಕಲ್ಲು

ಪ್ಯೂಮಿಸ್ ಅಂದರೆ ಜ್ವಾಲಾಮುಖಿಯ ನೊರೆ ಹಾಗೇ ಗಟ್ಟಿಯಾದದ್ದು. ಕುಲುಮೆಗೆ ಹಾಕುವ ಕೆಲಸವಿಲ್ಲ. ಒಡೆದು ಜರಡಿ ಹಿಡಿದರೆ ಸಾಕು. ಲೀಟರಿಗೆ 500ರಿಂದ 700 ಗ್ರಾಂ ತೂಗುತ್ತದೆ. ಪುಡಿಯಾಗುವುದಿಲ್ಲ, ಕುಗ್ಗುವುದಿಲ್ಲ, ಕುಂಡದಲ್ಲಿ ಪರ್ಲೈಟ್‌ನ ಹಾಗೆ ಮೇಲೆದ್ದು ಬರುವುದೂ ಕಡಿಮೆ. ಒಳಗಿನ ತೂತುಗಳಲ್ಲಿ ಅಲ್ಪಸ್ವಲ್ಪ ನೀರು ಉಳಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಕುಂಡದಲ್ಲಿರುವ ಅಡೇನಿಯಂ, ಕಳ್ಳಿ, ರಸಭರಿತ ಎಲೆಯ ಗಿಡಗಳಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಇದು ಹೊರದೇಶದಿಂದ ಬರಬೇಕು, ಬೆಲೆ ಹಾಗೇ ಇರುತ್ತದೆ. ಉತ್ತರ ಕರ್ನಾಟಕದಲ್ಲೂ ಜ್ವಾಲಾಮುಖಿಯ ಕಲ್ಲೇ ತುಂಬಿದೆ ಅಲ್ವಾ ಅಂತ ಕೇಳುವವರಿದ್ದಾರೆ. ದಖನ್ನಿನ ಕಲ್ಲು ಬಸಾಲ್ಟ್, ಗಟ್ಟಿ ಮತ್ತು ಭಾರ. ಅದನ್ನು ಒಡೆದರೆ ಜಲ್ಲಿ ಸಿಗುತ್ತದೆ ಹೊರತು ಪ್ಯೂಮಿಸ್ ಅಲ್ಲ.

ಕೆಂಪು ಕಪ್ಪು ಬಣ್ಣದ ಲಾವಾ ಕಲ್ಲು ಪ್ಯೂಮಿಸ್‌ಗಿಂತ ಭಾರ. ಬೋನ್ಸಾಯ್ ಮಾಡುವವರಿಗೆ ಚಂದ. ನೂರಾರು ಕುಂಡಕ್ಕೆ ಹಾಕುವ ವಸ್ತು ಅಲ್ಲ.

ಲೆಕಾ, ಅಂದರೆ ಸುಟ್ಟು ಉಬ್ಬಿಸಿದ ಜೇಡಿ ಗುಂಡು

ಜೇಡಿಮಣ್ಣನ್ನು ತಿರುಗುವ ಕುಲುಮೆಯಲ್ಲಿ 1100-1200 ಡಿಗ್ರಿಯಲ್ಲಿ ಸುಟ್ಟು ಮಾಡುತ್ತಾರೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಗುಳ್ಳೆ. ಲೀಟರಿಗೆ 300-400 ಗ್ರಾಂ. ಸಾಮಾನ್ಯವಾಗಿ ಸಿಗುವ ಗಾತ್ರ ದೊಡ್ಡದು, 8ರಿಂದ 16 ಮಿ.ಮೀ. ಕುಂಡದ ಮಿಶ್ರಣಕ್ಕೆ 4ರಿಂದ 10 ಮಿ.ಮೀ.ದ್ದೇ ಕೇಳಿ ತಗೊಳ್ಳಿ. ಗುಂಡಗೆ ಇರುವುದರಿಂದ ಬೇರಿಗೆ ಹಿಡಿತ ಕಡಿಮೆ. ಅದೇ ಕಾರಣಕ್ಕೆ ಗಿಡ ಕೀಳುವಾಗ ಬೇರು ಹರಿಯುವುದೂ ಕಡಿಮೆ.

ಆರ್ಕಿಡ್ ಮತ್ತು ಒಳಾಂಗಣದ ಗಿಡಗಳನ್ನು ತಳದಲ್ಲಿ ನೀರು ನಿಲ್ಲಿಸುವ ಕುಂಡದಲ್ಲಿ, ಬರೀ ಲೆಕಾದಲ್ಲಿ ಬೆಳೆಸುವವರು ಇದ್ದಾರೆ. ಅದು ಚೆನ್ನಾಗಿ ನಡೆಯುತ್ತದೆ, ಒಂದು ಷರತ್ತಿನ ಮೇಲೆ. ನೀರು ಮೇಲೇರಿ ಆವಿಯಾದಾಗ ಉಪ್ಪು ಮೇಲಿನ ಗುಂಡುಗಳ ಮೇಲೆ ಉಳಿಯುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಬೇಗನೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಆಗಾಗ ಮೇಲಿನಿಂದ ಧಾರಾಳವಾಗಿ ಮಳೆನೀರು ಸುರಿದು ತೊಳೆಯಬೇಕು. ಅಷ್ಟು ಮಾಡಲು ಆಗದಿದ್ದರೆ ಈ ಪದ್ಧತಿಗೆ ಇಳಿಯಬೇಡಿ. ಹೊಸ ಲೆಕಾವನ್ನೂ ಕೆಸರು ನೀರು ನಿಲ್ಲುವವರೆಗೆ ತೊಳೆದು, ಒಂದು ದಿನ ನೆನೆಸಿಯೇ ಬಳಸಿ.

ಹೆಂಚು, ಇಟ್ಟಿಗೆಯ ಚೂರು

ಕರಾವಳಿ, ಮಲೆನಾಡು, ಕೊಡಗಿನಲ್ಲಿ ಆಂಥೂರಿಯಂ, ಆರ್ಕಿಡ್ ಬೆಳೆಸುವವರು ಹೆಂಚಿನ ಚೂರು, ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ಸಿಪ್ಪೆ ಸೇರಿಸಿ ಬಳಸುತ್ತಾ ಬಂದಿದ್ದಾರೆ. ಹೊಸ ಚೀಲಗಳು ಬಂದ ಮೇಲೆ ಇದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುವುದು ಸರಿಯಲ್ಲ. ಸುಟ್ಟ ಜೇಡಿ ಅದು. ಸಣ್ಣ ತೂತುಗಳಿವೆ, ನೀರು ಕುಡಿಯುತ್ತದೆ, ವರ್ಷಗಟ್ಟಲೆ ಆಕಾರ ಬಿಡುವುದಿಲ್ಲ. ತೂಕ ಒಂದೇ ಇದರ ಮೈನಸ್ಸು, ಲೀಟರಿಗೆ ಒಂದು ಕೆಜಿಯ ಆಸುಪಾಸು. ಆದರೂ ಮರಳಿಗಿಂತ ಹಗುರ. ಒಣ ಮರಳು ಲೀಟರಿಗೆ ಒಂದೂವರೆ ಕೆಜಿ ತೂಗುತ್ತದೆ.

ಮಾಡಿಕೊಳ್ಳುವ ರೀತಿ ಮುಖ್ಯ. ಹಳೆಯ ಹೆಂಚಿನ ಮನೆ ಕೆಡವಿದ ಕಡೆ ಒಡೆದ ಮಂಗಳೂರು ಹೆಂಚು ಸುಮ್ನೆ ಬಿದ್ದಿರುತ್ತದೆ. ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಒಡೆಯಿರಿ, ಕಣ್ಣಿಗೆ ಚೂರು ಹಾರುವುದಿಲ್ಲ. ಎರಡು ಜರಡಿ ಬೇಕು, ಒಂದು 10 ಮಿ.ಮೀ., ಇನ್ನೊಂದು 4 ಮಿ.ಮೀ. ದೊಡ್ಡದರಲ್ಲಿ ಇಳಿದು ಸಣ್ಣದರಲ್ಲಿ ನಿಂತದ್ದು ನಿಮ್ಮದು. ಕೆಂಪು ನೀರು ಬರುವುದು ನಿಲ್ಲುವವರೆಗೆ ತೊಳೆಯಿರಿ. ಈ ತೊಳೆಯುವ ಕೆಲಸ ಬಿಟ್ಟರೆ ಬೇರೆಲ್ಲ ದಂಡ, ಯಾಕೆಂದರೆ ಆ ಪುಡಿಯೇ ಕುಂಡದ ತಳಕ್ಕೆ ಇಳಿದು ಕೆಸರು ಕಟ್ಟುತ್ತದೆ.

ಇಟ್ಟಿಗೆಯಾದರೆ ಚೆನ್ನಾಗಿ ಬೆಂದದ್ದೇ ಇರಲಿ. ಒಂದು ಚೂರನ್ನು ರಾತ್ರಿ ನೀರಿನಲ್ಲಿ ನೆನೆಸಿ ಬೆಳಗ್ಗೆ ಬೆರಳಲ್ಲಿ ಉಜ್ಜಿ. ಮಣ್ಣಾಗಿ ಬಂದರೆ ಬೇಡ. ಗಾರೆ ಅಥವಾ ಸಿಮೆಂಟ್ ಅಂಟಿದ ಚೂರೂ ಬೇಡ. ಅನುಮಾನ ಇದ್ದರೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ.

ಜಿಯೋಲೈಟ್

ಸಣ್ಣ ಸಣ್ಣ ತೂತುಗಳಿರುವ ಖನಿಜ ಇದು. ಗೊಬ್ಬರದ ಅಂಶ ಹಿಡಿದಿಡಲು ಒಳ್ಳೆಯದು, ಆದರೆ ಹಗುರ ಅಲ್ಲ. ಮಿಶ್ರಣದಲ್ಲಿ ಶೇ 5ರಷ್ಟು ಸೇರಿಸಿದರೆ ಸಾಕು. ಗಾಳಿಗಾಗಿ ಇದನ್ನು ಕೊಳ್ಳಬೇಡಿ.

ಮುಟ್ಟಬಾರದ ಕೆಲವು

ಕಟ್ಟಡದ ಕೆಲಸ ನಡೆಯುವ ಕಡೆ ಹಗುರವಾದ ಬೂದು ಬಣ್ಣದ ಎಎಸಿ ಬ್ಲಾಕ್ ಚೂರು ರಾಶಿ ಬಿದ್ದಿರುತ್ತದೆ. ನೋಡಲು ಪ್ಯೂಮಿಸ್‌ನ ಹಾಗೇ ಕಾಣುತ್ತದೆ. ಅದು ಸುಣ್ಣ ಮತ್ತು ಸಿಮೆಂಟಿನಿಂದ ಮಾಡಿದ್ದು, ಪಿಎಚ್ ಏರಿಸುತ್ತದೆ, ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ. ಎಂ-ಸ್ಯಾಂಡ್‌ನಲ್ಲಿ ಕಲ್ಲುಪುಡಿ ತುಂಬಿರುತ್ತದೆ, ಸಂದು ಮುಚ್ಚುತ್ತದೆ. ಪರ್ಲೈಟ್, ವರ್ಮಿಕ್ಯುಲೈಟ್‌ಗಳಲ್ಲೇ ಕಟ್ಟಡಕ್ಕೆ ಅಂತ ಬರುವ ಮಾಲು ಇದೆ, ಅದಕ್ಕೆ ಕೆಲವೊಮ್ಮೆ ನೀರು ಅಂಟದ ಲೇಪ ಕೊಟ್ಟಿರುತ್ತಾರೆ. ಒಂದು ಹಿಡಿ ನೀರಿಗೆ ಹಾಕಿ ಕಲಕಿ ನೋಡಿ. ಮೇಲ್ಮೈ ಒದ್ದೆಯೇ ಆಗದೆ ನೀರು ಮಣಿಮಣಿಯಾಗಿ ಜಾರಿದರೆ ವಾಪಸ್ ಕೊಡಿ. ಥರ್ಮಾಕೋಲ್ ಚೂರನ್ನು ಪರ್ಲೈಟ್ ಬದಲು ಹಾಕುವವರೂ ಇದ್ದಾರೆ. ಅದು ಪ್ಲಾಸ್ಟಿಕ್, ಮಣ್ಣಿನಿಂದ ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ.

ನಿಮ್ಮ ಕುಂಡಕ್ಕೆ ಯಾವುದು

ಮೊದಲು ಕೇಳಿಕೊಳ್ಳಬೇಕಾದ್ದು, ನೀರು ಯಾರು ಹಾಕುತ್ತಾರೆ, ಹೇಗೆ? ಟೈಮರ್ ಇಟ್ಟ ಡ್ರಿಪ್ ಇದ್ದರೆ ಗಾಳಿ ಜಾಸ್ತಿ ಇರುವ ಮಿಶ್ರಣಕ್ಕೆ ಧೈರ್ಯವಾಗಿ ಹೋಗಿ. ಎರಡು ದಿನಕ್ಕೊಮ್ಮೆ ಪೈಪಿನಲ್ಲಿ ಹಾಕುವುದಾದರೆ ಕಲ್ಲಿನ ಪಾಲು ಕಡಿಮೆ ಮಾಡಿ. ಕೆಲಸದವರು ಕುಂಡ ಮುಟ್ಟಿ ನೋಡದೆ ದಿನಾ ನೀರು ಬಿಡುತ್ತಾರೆ ಅಂದರೆ ಕಲ್ಲಿನ ಪಾಲು ಏರಿಸಿ. ಮಿಶ್ರಣ ಮಾಡುವಾಗ ಗಿಡದಷ್ಟೇ ನೀರು ಹಾಕುವವರ ಅಭ್ಯಾಸವನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಕ್ಯಾಪ್ಸಿಕಂ, ಟೊಮೆಟೊ, ಸೌತೆ ಸಸಿಗೆ 98 ಗುಂಡಿಯ ಪ್ರೋಟ್ರೇ ಆದರೆ ಕೋಕೋಪೀಟ್ 3, ವರ್ಮಿಕ್ಯುಲೈಟ್ 1, ಪರ್ಲೈಟ್ 1. ಇದು ಎಲ್ಲರೂ ಬಳಸುವ ಅಳತೆ, ಬದಲಾಯಿಸುವ ಅಗತ್ಯ ಕಂಡಿಲ್ಲ. ಇಲ್ಲಿ ಮಾತ್ರ ಕಾಳು ಸಣ್ಣದಿರಲಿ, 2-3 ಮಿ.ಮೀ. ಸಾಕು. ದೊಡ್ಡ ಕಾಳು ಗುಂಡಿಗೆ ಸರಿಯಾಗಿ ಕೂರುವುದಿಲ್ಲ.

ಆರು ಇಂಚಿನ ಕುಂಡದಲ್ಲಿ ಅಗ್ಲೋನಿಮಾ, ಫಿಲೋಡೆಂಡ್ರಾನ್, ಡಿಫನ್‌ಬಾಕಿಯಾದಂಥ ಎಲೆಗಿಡಗಳಿಗೆ ಕೋಕೋಪೀಟ್ 5, ಪರ್ಲೈಟ್ 3, ಜರಡಿ ಹಿಡಿದ ಎರೆಗೊಬ್ಬರ 2. ಎರೆಗೊಬ್ಬರ ಇದಕ್ಕಿಂತ ಜಾಸ್ತಿ ಹಾಕಬೇಡಿ, ಅದೂ ಸಣ್ಣ ಪುಡಿಯೇ. ಮಂಗಳೂರು, ಉಡುಪಿಯ ಮಳೆಗೆ ಪರ್ಲೈಟ್ 4ಕ್ಕೆ ಏರಿಸಿ, ಕೋಕೋಪೀಟ್ 4ಕ್ಕೆ ಇಳಿಸಿ.

ಗ್ರೋಬ್ಯಾಗ್ ತರಕಾರಿಗೆ ಕೋಕೋಪೀಟ್ ಜೊತೆ ಕಾಲು ಭಾಗ ಪರ್ಲೈಟ್ ಸಾಕು, ಚೀಲ ಎತ್ತರ ಇರುವುದರಿಂದ ನೀರು ತಾನಾಗಿಯೇ ಬಸಿಯುತ್ತದೆ. ಆಂಥೂರಿಯಂಗೆ ತೆಂಗಿನ ಸಿಪ್ಪೆ ಚೂರು ಅರ್ಧ, ಉಳಿದದ್ದು ಹೆಂಚಿನ ಚೂರು ಅಥವಾ ಲೆಕಾ ಮತ್ತು ಸ್ವಲ್ಪ ಇದ್ದಿಲು. ಅಡೇನಿಯಂ, ಕಳ್ಳಿಗೆ ಅರ್ಧಕ್ಕಿಂತ ಜಾಸ್ತಿ ಪ್ಯೂಮಿಸ್ ಅಥವಾ ಹೆಂಚಿನ ಚೂರು. ಇವೆರಡರಲ್ಲಿ ಯಾವುದಾದರೂ ಗಿಡಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹೊರುವವರಿಗೆ ಮಾತ್ರ ಗೊತ್ತಾಗುತ್ತದೆ.

ತಾರಸಿಯ ಮೇಲೆ ನೆರಳುಮನೆ ಕಟ್ಟಿದವರಿಗೆ ತೂಕದ ಲೆಕ್ಕ ಬೇಕೇ ಬೇಕು. ಹತ್ತು ಲೀಟರಿನ ನೂರು ಕುಂಡ ಅಂದರೆ ಸಾವಿರ ಲೀಟರ್ ಮಿಶ್ರಣ. ನೆನೆದ ಮಣ್ಣಿನ ಮಿಶ್ರಣವಾದರೆ ಒಂದೂವರೆ ಟನ್ ದಾಟುತ್ತದೆ. ನೆನೆದ ಕೋಕೋಪೀಟ್-ಪರ್ಲೈಟ್ ಅದರ ಅರ್ಧಕ್ಕಿಂತ ಕಡಿಮೆ. ಆದರೆ ತೆರೆದ ತಾರಸಿಯಲ್ಲಿ ಗಾಳಿಗೆ ಹಗುರ ಕುಂಡ ಉರುಳುತ್ತದೆ. ಅಲ್ಲಿ ಎತ್ತರದ ಗಿಡಗಳಿಗೆ ಪರ್ಲೈಟ್‌ನಲ್ಲಿ ಸ್ವಲ್ಪ ತೆಗೆದು ಹೆಂಚಿನ ಚೂರು ಸೇರಿಸಿ. ಮುಚ್ಚಿದ ಪಾಲಿಹೌಸ್‌ನಲ್ಲಿ ಆ ಚಿಂತೆ ಇಲ್ಲ.

ಬೆಲೆ ಹೋಲಿಸುವಾಗ

ಕೆಜಿ ಲೆಕ್ಕ ನೋಡಬೇಡಿ, ಲೀಟರ್ ಲೆಕ್ಕ ನೋಡಿ. ಕುಂಡ ತುಂಬುವುದು ಲೀಟರಿನಿಂದ. ಒಂದು ಕೆಜಿ ಪರ್ಲೈಟ್ ಅಂದರೆ ಹತ್ತು ಲೀಟರ್ ಹತ್ತಿರ. ಒಂದು ಕೆಜಿ ಲೆಕಾ ಎರಡೂವರೆಯಿಂದ ಮೂರು ಲೀಟರ್. ಪ್ಯೂಮಿಸ್ ಒಂದೂವರೆಯಿಂದ ಎರಡು. ಕೆಜಿಗೆ ದುಬಾರಿ ಅನಿಸಿದ ಪರ್ಲೈಟ್ ಲೀಟರಿಗೆ ಎಲ್ಲಕ್ಕಿಂತ ಅಗ್ಗ ಆಗಿಬಿಡಬಹುದು. ತೇವ ಹಿಡಿದ ಚೀಲ ತೂಕದಲ್ಲಿ ಮೋಸ ಮಾಡುತ್ತದೆ, ಎತ್ತಿ ನೋಡಿ. ಚೀಲದ ತಳದ ಮೂಲೆಯನ್ನು ಹೊರಗಿನಿಂದ ಹಿಸುಕಿ ನೋಡಿ. ದಾರಿಯಲ್ಲಿ ಅಲ್ಲಾಡಿ ಪುಡಿಯಾದದ್ದೆಲ್ಲ ಅಲ್ಲೇ ಕೂತಿರುತ್ತದೆ.

ಎಷ್ಟು ಸಲ ಬಳಸಬಹುದು ಅನ್ನುವುದೂ ಬೆಲೆಯ ಭಾಗವೇ. ವರ್ಮಿಕ್ಯುಲೈಟ್ ಒಂದೇ ಸಲ, ಆಮೇಲೆ ತೋಟದ ಮಣ್ಣಿಗೆ ಹಾಕಿ. ಪರ್ಲೈಟ್ ಎರಡು ಮೂರು ಬೆಳೆಗೆ ಬರುತ್ತದೆ, ಪ್ರತಿ ಸಲ ದೂಳು ಜರಡಿ ಹಿಡಿಯಬೇಕು. ಪ್ಯೂಮಿಸ್, ಲೆಕಾ, ಹೆಂಚಿನ ಚೂರು ವರ್ಷಗಟ್ಟಲೆ ಬಾಳುತ್ತವೆ. ಹಳೆಯ ಬೇರು ತೆಗೆದು, ತೊಳೆದು, ಒದ್ದೆಯಾಗಿರುವಾಗಲೇ ತೆಳುವಾಗಿ ಹರಡಿ, ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಒತ್ತಿ. ಮಾರ್ಚ್‌ನಿಂದ ಮೇ ನಡುವಿನ ಬಿಸಿಲಿನಲ್ಲಿ ನಾಲ್ಕರಿಂದ ಆರು ವಾರ ಬಿಟ್ಟರೆ ಬೇರು ಕೊಳೆಸುವ ಶಿಲೀಂಧ್ರಗಳು ಬಹುತೇಕ ಸಾಯುತ್ತವೆ. ಬೇರುಗಂಟು ಹುಳು ಕಂಡ ಕುಂಡದ ಕಲ್ಲನ್ನು ಮಾತ್ರ ಬೇರೆ ರಾಶಿ ಮಾಡಿ, ಕುದಿಯುವ ನೀರಿನಲ್ಲಿ ಅದ್ದಿದ ಮೇಲೆಯೇ ಮತ್ತೆ ಬಳಸಿ.